ನೋಡದ ಊರಿನ ದಾರಿ ಕಲಿಸುವ ಮಿಥ್ಯಾ ಪರಿಸರ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಈ ಎರಡರ ನಡುವೆ ಮೂರನೆಯ ಮಾರ್ಗವೊಂದನ್ನು ಕಂಪ್ಯೂಟರ್ ಯುಗ ತೆರೆದಿದೆ. ಇನ್ನೂ ಕಾಲಿಡದ ಕಟ್ಟಡ, ಬೀದಿ ಅಥವಾ ಹಡಗಿನ ಪ್ರತಿರೂಪವನ್ನು ಕಂಪ್ಯೂಟರಿನಲ್ಲಿ ನಿರ್ಮಿಸಿ, ಅದರೊಳಗೆ ಮೊದಲೇ ಅಡ್ಡಾಡಿ, ಯಾವ ತಿರುವಿನ ನಂತರ ಯಾವ ಬಾಗಿಲು ಬರುತ್ತದೆ ಎಂಬುದನ್ನು ಮನನ ಮಾಡಿಕೊಂಡು, ಆ ಬಳಿಕ ನಿಜವಾದ ಸ್ಥಳಕ್ಕೆ ಹೋಗುವುದೇ ಆ ಮಾರ್ಗ.

ಇದನ್ನು ಬರಿಯ ಆಟವೆಂದು ತಳ್ಳಿಹಾಕುವಂತಿಲ್ಲ. ಹೊಗೆ ತುಂಬಿದ ಕಟ್ಟಡದೊಳಗೆ ನುಗ್ಗುವ ಅಗ್ನಿಶಾಮಕ ಸಿಬ್ಬಂದಿಗೆ ಗೋಡೆ, ಮೆಟ್ಟಿಲುಗಳ ಅರಿವು ಮೊದಲೇ ಇದ್ದರೆ ಒಂದು ಜೀವ ಉಳಿಯಬಹುದು. ಹೊಸ ಕಾಲೇಜಿಗೆ ಸೇರುವ ಅಂಧ ವಿದ್ಯಾರ್ಥಿಗೆ ಕಟ್ಟಡದ ಸ್ವರೂಪ ಮೊದಲೇ ತಿಳಿದಿದ್ದರೆ ಇನ್ನೊಬ್ಬರ ಕೈಹಿಡಿಯದೆ ತರಗತಿ ತಲುಪಬಹುದು. ಆದರೆ ಪರದೆಯ ಮೇಲೆ ಕಲಿತ ದಾರಿ ನೆಲದ ಮೇಲೆ ನಡೆಯುವಾಗ ನೆನಪಿಗೆ ಬರುತ್ತದೆಯೇ? ಮೂರು ದಶಕಗಳಿಗೂ ಹೆಚ್ಚು ಕಾಲ ವಿಜ್ಞಾನಿಗಳು ಕೇಳುತ್ತಾ ಬಂದಿರುವ ಪ್ರಶ್ನೆ ಇದು. ಅವರಿಗೆ ದೊರೆತ ಉತ್ತರ: ಬರುತ್ತದೆ; ಆದರೆ ಕಲಿಕೆಗೆ ಸಾಕಷ್ಟು ಸಮಯ ನೀಡಿರಬೇಕು, ಮತ್ತು ಎಲ್ಲಿ ತಿರುಗಬೇಕೆಂಬುದನ್ನು ಕಲಿಯುವವರೇ ನಿರ್ಧರಿಸಿರಬೇಕು.

ಏನಿದು ಮಿಥ್ಯಾ ಪರಿಸರ?

ಕಂಪ್ಯೂಟರಿನ ನೆರವಿನಿಂದ ಸೃಷ್ಟಿಸಿದ, ಬಳಸುವವರು ತಮ್ಮಿಚ್ಛೆಯಂತೆ ಸಂಚರಿಸಬಹುದಾದ ಕೃತಕ ಸ್ಥಳವೇ ಮಿಥ್ಯಾ ಪರಿಸರ. ಇದನ್ನು ವರ್ಚುಯಲ್ ಪರಿಸರ ಎಂದೂ ಕರೆಯುತ್ತಾರೆ. ಚಲನಚಿತ್ರಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಚಲನಚಿತ್ರದಲ್ಲಿ ಕ್ಯಾಮೆರಾ ಹೋದ ಕಡೆಗೆ ಪ್ರೇಕ್ಷಕರೂ ಹೋಗಬೇಕಾಗುತ್ತದೆ. ಮಿಥ್ಯಾ ಪರಿಸರದಲ್ಲಾದರೋ ಎಡಕ್ಕೆ ತಿರುಗಬೇಕೇ, ಬಲಕ್ಕೆ ತಿರುಗಬೇಕೇ, ಹಿಂದಕ್ಕೆ ಮರಳಬೇಕೇ ಎಂಬುದು ಬಳಸುವವರ ಕೈಯಲ್ಲಿರುತ್ತದೆ.

ಇದರಲ್ಲಿ ಹಲವು ಬಗೆಗಳಿವೆ. ಸಾಮಾನ್ಯ ಕಂಪ್ಯೂಟರ್ ಪರದೆಯಲ್ಲಿ ಮೌಸ್ ಅಥವಾ ಕೀಲಿಮಣೆಯ ಮೂಲಕ ಸಂಚರಿಸುವುದು ಸರಳವಾದ ವಿಧಾನ. ಕಣ್ಣುಗಳನ್ನು ಪೂರ್ತಿ ಆವರಿಸುವ ಹೆಡ್‌ಸೆಟ್ ಧರಿಸಿ, ತಲೆ ತಿರುಗಿಸಿದಂತೆ ದೃಶ್ಯವೂ ತಿರುಗುವ ವ್ಯವಸ್ಥೆ ಇನ್ನೊಂದು. ದೃಶ್ಯವೇ ಇಲ್ಲದೆ ಕೇವಲ ಶಬ್ದದಿಂದ ಅಥವಾ ಸ್ಪರ್ಶದಿಂದ ಸ್ಥಳದ ಪರಿಚಯ ಮಾಡಿಕೊಡುವ ಪರಿಸರಗಳೂ ಇವೆ.

ಮನಸ್ಸಿನೊಳಗಿನ ನಕ್ಷೆ

ಮನುಷ್ಯರು ಹೊಸ ಸ್ಥಳವನ್ನು ಕಲಿಯುವ ಬಗೆಯನ್ನು ಅರಿತರೆ ಮಿಥ್ಯಾ ಪರಿಸರದ ಶಕ್ತಿಯೂ ಮಿತಿಯೂ ಅರ್ಥವಾಗುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್ಮನ್ 1948ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಇಲಿಗಳು ತಿರುವುಗಳ ಸರಣಿಯನ್ನಷ್ಟೇ ಬಾಯಿಪಾಠ ಮಾಡುವುದಿಲ್ಲ, ಇಡೀ ಸ್ಥಳದ ನಕ್ಷೆಯೊಂದನ್ನು ಮನಸ್ಸಿನಲ್ಲಿ ರೂಪಿಸಿಕೊಳ್ಳುತ್ತವೆ ಎಂದು ವಾದಿಸಿದರು. ಪರಿಚಿತ ದಾರಿಯನ್ನು ಮುಚ್ಚಿದಾಗಲೂ ಅನೇಕ ಇಲಿಗಳು ಆಹಾರವಿದ್ದ ದಿಕ್ಕಿನತ್ತ ಸಾಗುವ ಹಾದಿಯನ್ನೇ ಆರಿಸಿಕೊಂಡದ್ದು ಅವರ ವಾದಕ್ಕೆ ಒಂದು ಆಧಾರವಾಗಿತ್ತು.

ಈ ನಕ್ಷೆಗೆ ಮಿದುಳಿನಲ್ಲಿ ನೆಲೆಯಿದೆ ಎಂಬುದು ಮುಂದೆ ತಿಳಿದುಬಂತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜಾನ್ ಓಕೀಫ್ 1971ರಲ್ಲಿ ಇಲಿಯ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ, ಪ್ರಾಣಿಯು ನಿರ್ದಿಷ್ಟ ಜಾಗದಲ್ಲಿದ್ದಾಗ ಮಾತ್ರ ಚುರುಕಾಗುವ ಸ್ಥಳಕೋಶಗಳನ್ನು ಗುರುತಿಸಿದರು. ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡ 2005ರಲ್ಲಿ, ನೆಲವನ್ನು ಬಲೆಯ ಕಣ್ಣುಗಳಂತೆ ಅಳೆಯುವ ಜಾಲಕೋಶಗಳನ್ನು ಕಂಡುಹಿಡಿಯಿತು. ಈ ಮೂವರಿಗೆ 2014ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಸ್ಥಳಜ್ಞಾನದಲ್ಲಿ ಮೂರು ಹಂತಗಳಿವೆ ಎಂದು ಅಲೆಕ್ಸಾಂಡರ್ ಸೀಗಲ್ ಮತ್ತು ಶೆಲ್ಡನ್ ವೈಟ್ 1975ರಲ್ಲಿ ಪ್ರತಿಪಾದಿಸಿದರು. ಮೊದಲನೆಯದು ಗುರುತುಗಳ ಜ್ಞಾನ: ಇಲ್ಲೊಂದು ಗೋಪುರವಿದೆ, ಅಲ್ಲೊಂದು ಬಾವಿಯಿದೆ ಎಂಬ ತಿಳಿವು. ಎರಡನೆಯದು ದಾರಿಯ ಜ್ಞಾನ: ಗೋಪುರದ ಬಳಿ ಎಡಕ್ಕೆ ತಿರುಗಿದರೆ ಬಾವಿ ಸಿಗುತ್ತದೆ ಎಂಬ ಅರಿವು. ಮೂರನೆಯದು ವಿನ್ಯಾಸದ ಜ್ಞಾನ: ಗೋಪುರದಿಂದ ಬಾವಿ ಯಾವ ದಿಕ್ಕಿನಲ್ಲಿ ಎಷ್ಟು ದೂರದಲ್ಲಿದೆ, ಎಂದಿನ ದಾರಿ ಮುಚ್ಚಿದ್ದರೆ ಬೇರೆ ಯಾವ ಕಡೆಯಿಂದ ತಲುಪಬಹುದು ಎಂಬ ಸಮಗ್ರ ಚಿತ್ರಣ. ಈ ಹಂತಗಳು ಸದಾ ಒಂದರ ನಂತರ ಒಂದರಂತೆಯೇ ಬರುವುದಿಲ್ಲ ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಆದರೂ ಈ ವಿಂಗಡಣೆ ಇಂದಿಗೂ ಉಪಯುಕ್ತವಾಗಿದೆ. ಏಕೆಂದರೆ ಆಪತ್ಕಾಲದಲ್ಲಿ ನೆರವಿಗೆ ಬರುವುದು ಮೂರನೆಯ ಬಗೆಯ ಜ್ಞಾನ, ಕಲಿಸಲು ಅತಿ ಕಷ್ಟವಾದುದೂ ಅದೇ.

ಆಸ್ಪೆನ್ ನಗರದ ಪ್ರಯೋಗ

ನೈಜ ಊರೊಂದನ್ನು ಪರದೆಯಲ್ಲಿ ಸುತ್ತುವ ಪ್ರಯತ್ನಗಳಲ್ಲಿ ಮೊದಲ ಸಾಲಿಗೆ ಸೇರುವುದು ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ 1978ರಲ್ಲಿ ಕೈಗೊಂಡ ಆಸ್ಪೆನ್ ಮೂವಿ ಮ್ಯಾಪ್ ಯೋಜನೆ. ಆಂಡ್ರ್ಯೂ ಲಿಪ್‌ಮನ್ ಇದರ ಮುಂದಾಳತ್ವ ವಹಿಸಿದ್ದರು. ಕೊಲರಾಡೊ ರಾಜ್ಯದ ಆಸ್ಪೆನ್ ಎಂಬ ಪುಟ್ಟ ಊರಿನ ಬೀದಿಗಳಲ್ಲಿ ವಾಹನವೊಂದರ ಮೇಲೆ ಕ್ಯಾಮೆರಾಗಳನ್ನು ಅಳವಡಿಸಿ, ಪ್ರತಿ 10 ಅಡಿಗೊಮ್ಮೆ ಚಿತ್ರ ತೆಗೆಯಲಾಯಿತು. ಆ ಚಿತ್ರಗಳನ್ನು ಲೇಸರ್ ಡಿಸ್ಕ್‌ಗಳಲ್ಲಿ ಶೇಖರಿಸಿ, ಪರದೆಯನ್ನು ಮುಟ್ಟಿ ಬೇಕಾದ ತಿರುವು ಆರಿಸಿಕೊಳ್ಳುವ ಅನುಕೂಲ ಕಲ್ಪಿಸಲಾಯಿತು.

ಈ ಯೋಜನೆಗೆ ಹಣ ಒದಗಿಸಿದ್ದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ. ಅದರ ಆಸಕ್ತಿಗೆ ಹಿನ್ನೆಲೆಯಾಗಿ 1976ರ ಎಂಟೆಬೆ ಕಾರ್ಯಾಚರಣೆಯನ್ನು ಹೆಸರಿಸುವುದು ವಾಡಿಕೆ. ಉಗಾಂಡದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಒತ್ತೆಯಾಳುಗಳನ್ನು ಬಿಡಿಸುವ ಮುನ್ನ ಇಸ್ರೇಲಿ ಯೋಧರು ನಿಲ್ದಾಣದ ಅಣಕು ರಚನೆಯಲ್ಲಿ ತಾಲೀಮು ನಡೆಸಿದ್ದರು. ಕಟ್ಟಡವನ್ನೇ ಕಟ್ಟದೆ ಅಂಥದೇ ತಾಲೀಮು ಸಾಧ್ಯವೇ ಎಂಬ ಪ್ರಶ್ನೆಗೆ ಆಸ್ಪೆನ್ ಒಂದು ಉತ್ತರವಾಗಿತ್ತು.

ಪರದೆಯಿಂದ ನೆಲಕ್ಕೆ

1990ರ ದಶಕದಲ್ಲಿ ಕಂಪ್ಯೂಟರ್ ಚಿತ್ರಣ ಸುಧಾರಿಸಿದಂತೆ ಈ ವಿಷಯದಲ್ಲಿ ಕಟ್ಟುನಿಟ್ಟಾದ ಪ್ರಯೋಗಗಳು ಆರಂಭವಾದವು. ಅಮೆರಿಕದ ಭೂಸೇನೆಯ ಸಂಶೋಧನಾ ಸಂಸ್ಥೆಯ ಬಾಬ್ ವಿಟ್ಮರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳಲ್ಲಿ ಪ್ರಮುಖವಾದುದು. ಸಂಕೀರ್ಣವಾದ ಕಚೇರಿ ಕಟ್ಟಡವೊಂದರ ದಾರಿಯನ್ನು ಒಂದು ಗುಂಪು ನಿಜ ಕಟ್ಟಡದಲ್ಲೇ ಕಲಿಯಿತು. ಎರಡನೆಯ ಗುಂಪು ಮಿಥ್ಯಾ ಪರಿಸರದಲ್ಲಿ ಕಲಿಯಿತು. ಮೂರನೆಯದು ಲಿಖಿತ ಸೂಚನೆ ಹಾಗೂ ಛಾಯಾಚಿತ್ರಗಳಿಂದ ಕಲಿಯಿತು. ನಂತರ ಎಲ್ಲರನ್ನೂ ನಿಜ ಕಟ್ಟಡದಲ್ಲಿ ನಡೆಸಿ ನೋಡಿದಾಗ, ಮಿಥ್ಯಾ ಪರಿಸರದಲ್ಲಿ ಕಲಿತವರು ನಿಜ ಕಟ್ಟಡದಲ್ಲಿ ಕಲಿತವರಿಗಿಂತ ಹೆಚ್ಚು ಬಾರಿ ದಾರಿ ತಪ್ಪಿದರು. ಆದರೆ ಸೂಚನೆಗಳನ್ನು ಓದಿ ಕಲಿತವರಿಗಿಂತ ಕಡಿಮೆ ಬಾರಿ ತಪ್ಪಿದರು.

ಎರಡು ವರ್ಷಗಳ ನಂತರ, 1998ರಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ವಾಲರ್, ಅರ್ಲ್ ಹಂಟ್ ಮತ್ತು ಡೇವಿಡ್ ನ್ಯಾಪ್ ಮತ್ತೊಂದು ಮುಖ್ಯ ಅಂಶವನ್ನು ಹೊರಗೆಡಹಿದರು. ಅವರು ಆರು ಗುಂಪುಗಳಿಗೆ ಬೇರೆ ಬೇರೆ ರೀತಿಯಲ್ಲಿ ಚಕ್ರವ್ಯೂಹದಂಥ ರಚನೆಯೊಂದನ್ನು ಪರಿಚಯಿಸಿ, ಬಳಿಕ ಕಣ್ಣಿಗೆ ಬಟ್ಟೆ ಕಟ್ಟಿ ನಿಜ ರಚನೆಯೊಳಗೆ ನಡೆಸಿದರು. ಮಿಥ್ಯಾ ಪರಿಸರದ ಅಲ್ಪಾವಧಿಯ ತರಬೇತಿಯು ಕಾಗದದ ನಕ್ಷೆಗಿಂತ ಮೇಲೆನಿಸಲಿಲ್ಲ. ಆದರೆ ಸಾಕಷ್ಟು ಕಾಲಾವಕಾಶ ದೊರೆತವರು ಕೊನೆಗೆ ನಿಜ ಸ್ಥಳದಲ್ಲೇ ಕಲಿತವರನ್ನೂ ಹಿಂದಿಕ್ಕಿದರು. ಐದು ನಿಮಿಷ ಪರದೆ ನೋಡಿ ಊರು ಕಲಿಯುವೆನೆನ್ನುವುದು ಭ್ರಮೆ ಎಂಬ ಪಾಠ ಇಲ್ಲಿದೆ.

ಅಗ್ನಿಶಾಮಕ ದಳದ ತಾಲೀಮು

ಜೀವನ್ಮರಣದ ಪ್ರಶ್ನೆ ಇರುವಲ್ಲಿ ಈ ವಿದ್ಯೆಯ ಪರೀಕ್ಷೆ ನಡೆದದ್ದೂ ಉಂಟು. ಅಮೆರಿಕದಲ್ಲಿ ಜೇಮ್ಸ್ ಬ್ಲಿಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಮಂದಿ ಅಗ್ನಿಶಾಮಕ ಸಿಬ್ಬಂದಿ ಪಾಲ್ಗೊಂಡಿದ್ದರು. ಅಪರಿಚಿತ ಕಟ್ಟಡದೊಳಗೆ ಹೋಗಿ ಮಗುವಿನ ಬೊಂಬೆಯೊಂದನ್ನು ಹೊರತರುವುದು ಅವರ ಕೆಲಸ. ಮೊದಲೇ ಮಿಥ್ಯಾ ಪರಿಸರದಲ್ಲಿ ತಾಲೀಮು ನಡೆಸಿದವರೂ ಕಟ್ಟಡದ ನೀಲಿನಕ್ಷೆ ಅಭ್ಯಸಿಸಿದವರೂ ಯಾವ ತರಬೇತಿಯೂ ಇಲ್ಲದವರಿಗಿಂತ ಉತ್ತಮವಾಗಿ ಕೆಲಸ ಪೂರೈಸಿದರು. ಆದರೆ ಈ ಎರಡು ತರಬೇತಿಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಅಂದರೆ ಒಳ್ಳೆಯ ನಕ್ಷೆಯೊಂದು ಕೈಯಲ್ಲಿದ್ದು, ಅದನ್ನು ಓದಬಲ್ಲವರಿದ್ದರೆ, ದುಬಾರಿ ಸಾಧನವಿಲ್ಲ ಎಂದು ಕೊರಗಬೇಕಿಲ್ಲ.

ಅಮೆರಿಕದ ನೌಕಾಪಡೆಯ ಸಂಶೋಧನಾಲಯವು ಅದೇ ಅವಧಿಯಲ್ಲಿ ಶಾಡ್‌ವೆಲ್ ಎಂಬ ನಿವೃತ್ತ ಹಡಗಿನಲ್ಲಿ ಇಂಥದೇ ಪ್ರಯೋಗ ಕೈಗೊಂಡಿತು. ಅಗ್ನಿ ಪರೀಕ್ಷೆಗಳಿಗೆಂದೇ ಮೀಸಲಾಗಿದ್ದ ಈ ಹಡಗಿನ ಒಳಾಂಗಣವನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಲಾಗಿತ್ತು. ಎಂದಿನ ಸಿದ್ಧತೆಯ ಜೊತೆಗೆ ಮಿಥ್ಯಾ ಹಡಗಿನಲ್ಲೂ ಅಡ್ಡಾಡಿದ್ದ ಸಿಬ್ಬಂದಿ ನಿಜ ಹಡಗಿನಲ್ಲಿ ಉಳಿದವರಿಗಿಂತ ಕಡಿಮೆ ದಾರಿ ತಪ್ಪಿದರು. ಇಕ್ಕಟ್ಟಾದ ಓಣಿ, ಒಂದರಂತೆಯೇ ಇನ್ನೊಂದು ಕಾಣುವ ಬಾಗಿಲುಗಳ ನಡುವೆ ಹೊಗೆಯಲ್ಲಿ ಒಂದು ತಪ್ಪು ತಿರುವು ಎಷ್ಟು ದುಬಾರಿಯಾದೀತು ಎಂಬುದನ್ನು ವಿವರಿಸಬೇಕಿಲ್ಲ.

ಕಿವಿಯಿಂದ ಕಾಣುವ ಕಟ್ಟಡ

ಮಿಥ್ಯಾ ಪರಿಸರದ ನಿಜವಾದ ಸಾರ್ಥಕತೆ ಬಹುಶಃ ಅಂಧರ ವಿಷಯದಲ್ಲಿ ಕಂಡುಬಂದಿದೆ. ಕಣ್ಣಿದ್ದವರು ಹೊಸ ಕಟ್ಟಡದಲ್ಲಿ ಫಲಕ ಓದಿಯೋ ದೂರದಿಂದ ಬಾಗಿಲು ಗುರುತಿಸಿಯೋ ಮುಂದೆ ಸಾಗಬಲ್ಲರು. ಅಂಧರಿಗೆ ಆ ಸೌಲಭ್ಯವಿಲ್ಲ. ಸಾಂಪ್ರದಾಯಿಕವಾಗಿ ತರಬೇತುದಾರರೊಬ್ಬರು ಜೊತೆಗಿದ್ದು, ಇಷ್ಟು ಹೆಜ್ಜೆ ನಡೆದು ಬಲಕ್ಕೆ ತಿರುಗಿ ಎಂದು ಒಂದೊಂದೇ ದಾರಿಯನ್ನು ರೂಢಿ ಮಾಡಿಸುತ್ತಾರೆ. ಹೀಗೆ ಕಲಿತ ದಾರಿ ಭದ್ರವಾದುದೇ. ಆದರೆ ಆ ದಾರಿಯಲ್ಲಿ ಅಡ್ಡಿ ಎದುರಾದಾಗ ಪರ್ಯಾಯ ಹೊಳೆಯುವುದು ಕಷ್ಟ.

ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಒರ್ಲಿ ಲಹಾವ್ ಮತ್ತು ಡೇವಿಡ್ ಮಿಯೊಡುಸರ್, ಗೋಡೆಗೆ ತಾಗಿದಾಗ ಕೈಗೆ ತಡೆ ನೀಡುವ ಜಾಯ್‌ಸ್ಟಿಕ್ ಬಳಸಿ ಕೋಣೆಯ ವಿನ್ಯಾಸ ಕಲಿಸುವ ಪ್ರಯೋಗಗಳನ್ನು ನಡೆಸಿದರು. ಚಿಲಿ ವಿಶ್ವವಿದ್ಯಾಲಯದ ಹೈಮೆ ಸ್ಯಾಂಚೆಝ್ ಅವರ ತಂಡ, ಸ್ಯಾಂಟಿಯಾಗೊ ನಗರದ ಮೆಟ್ರೊ ರೈಲು ಜಾಲವನ್ನು ಶಬ್ದದ ಮೂಲಕ ಪರಿಚಯಿಸುವ ಆಡಿಯೊಮೆಟ್ರೊ ಎಂಬ ತಂತ್ರಾಂಶ ರೂಪಿಸಿತು.

ಸ್ಯಾಂಚೆಝ್ ಮತ್ತು ಹಾರ್ವರ್ಡ್ ವೈದ್ಯಕೀಯ ಶಾಲೆಯ ಲೋಟ್ಫಿ ಮೆರಾಬೆಟ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನ ವಿಶೇಷ ಗಮನಾರ್ಹವಾದುದು. ಮಸಾಚುಸೆಟ್ಸ್ ರಾಜ್ಯದ ನ್ಯೂಟನ್ ನಗರದಲ್ಲಿರುವ ಕ್ಯಾರೊಲ್ ಅಂಧರ ಕೇಂದ್ರದ ಎರಡಂತಸ್ತಿನ ಕಟ್ಟಡವೊಂದನ್ನು ಸಂಶೋಧಕರು ಶಬ್ದಲೋಕವಾಗಿ ಮಾರ್ಪಡಿಸಿದರು. ಕಲಿಯುವವರು ಹೆಡ್‌ಫೋನ್ ಧರಿಸಿ ಕೀಲಿಮಣೆಯ ಮೂಲಕ ಹೆಜ್ಜೆ ಹಾಕುತ್ತಾರೆ. ಬಲಗಡೆ ಬಾಗಿಲಿದ್ದರೆ ಬಲಗಿವಿಯಲ್ಲಿ ಬಾಗಿಲು ಬಡಿದ ಸದ್ದು ಕೇಳಿಸುತ್ತದೆ.

ಪಾಲ್ಗೊಂಡ ಅಂಧರಲ್ಲಿ ಒಂದು ಗುಂಪಿಗೆ ದಾರಿಗಳನ್ನು ಕ್ರಮವಾಗಿ ಹೇಳಿಕೊಡಲಾಯಿತು. ಇನ್ನೊಂದು ಗುಂಪಿಗೆ ಅದೇ ಕಟ್ಟಡವನ್ನು ಆಟವಾಗಿ ನೀಡಲಾಯಿತು. ಕೋಣೆಗಳಲ್ಲಿ ಅಡಗಿಸಿಟ್ಟ ರತ್ನಗಳನ್ನು ಹುಡುಕಿ ಹೊರಗೆ ಸಾಗಿಸಬೇಕು. ನಡುವೆ ಓಡಾಡುವ ರಾಕ್ಷಸರು ಅವುಗಳನ್ನು ಕಿತ್ತುಕೊಂಡು ಬೇರೆಡೆ ಬಚ್ಚಿಡುತ್ತಾರೆ. ಆಡುವವರಿಗೆ ತಾವು ಕಟ್ಟಡ ಕಲಿಯುತ್ತಿದ್ದೇವೆ ಎಂಬ ಗೊಡವೆಯೇ ಇಲ್ಲ. ಆ ಬಳಿಕ ಎರಡೂ ಗುಂಪುಗಳನ್ನು ನಿಜ ಕಟ್ಟಡಕ್ಕೆ ಕರೆದೊಯ್ದಾಗ, ಸೂಚಿಸಿದ ಕೋಣೆಯನ್ನು ತಲುಪುವಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮಬಲರಾಗಿದ್ದರು. ಆದರೆ ಕಟ್ಟಡದ ಯಾವುದೋ ಜಾಗದಲ್ಲಿ ನಿಲ್ಲಿಸಿ, ಅತ್ಯಂತ ಹತ್ತಿರದ ದಾರಿಯಿಂದ ಹೊರಬನ್ನಿ ಎಂದಾಗ ಆಟವಾಡಿ ಕಲಿತವರು ಸ್ಪಷ್ಟವಾಗಿ ಮುಂದಿದ್ದರು.

ಇದರ ಅರ್ಥ ಗಂಭೀರವಾದುದು. ಬೆಂಕಿ ಅಥವಾ ಭೂಕಂಪದ ವೇಳೆ ಬೇಕಾಗುವುದು ರೂಢಿಯ ದಾರಿಯಲ್ಲ, ಆ ಕ್ಷಣದಲ್ಲಿ ತೆರೆದಿರುವ ಹತ್ತಿರದ ದಾರಿ. ರಾಕ್ಷಸರಿಂದ ತಪ್ಪಿಸಿಕೊಳ್ಳಲು ಪದೇ ಪದೇ ಹೊಸ ಹಾದಿ ಹುಡುಕಿದವರಲ್ಲಿ ಇಡೀ ಕಟ್ಟಡದ ವಿನ್ಯಾಸ ಮನಸ್ಸಿನಲ್ಲಿ ಮೂಡಿತ್ತು. ಹೇಳಿಕೊಟ್ಟ ದಾರಿಯನ್ನಷ್ಟೇ ಅನುಸರಿಸಿದವರಲ್ಲಿ ಆ ಚಿತ್ರ ಅಷ್ಟು ಗಟ್ಟಿಯಾಗಿರಲಿಲ್ಲ.

ಗಾಲಿಕುರ್ಚಿಯ ಮಕ್ಕಳು

ಚಲನವಲನಕ್ಕೆ ತೊಡಕಿರುವ ಮಕ್ಕಳಿಗೂ ಈ ವಿಧಾನ ನೆರವಾಗಬಲ್ಲದು. ಗಾಲಿಕುರ್ಚಿಯಲ್ಲಿರುವ ಮಗುವನ್ನು ಸಾಮಾನ್ಯವಾಗಿ ಬೇರೆಯವರು ತಳ್ಳಿಕೊಂಡು ಹೋಗುತ್ತಾರೆ. ಎಲ್ಲಿ ತಿರುಗಬೇಕೆಂಬ ನಿರ್ಧಾರ ಮಗುವಿನದ್ದಾಗಿರುವುದಿಲ್ಲ. ಹೀಗಾಗಿ ಸ್ಥಳವನ್ನು ತಾನಾಗಿ ಅರಿಯುವ ಅವಕಾಶವೂ ಕಡಿಮೆ. ಬ್ರಿಟನ್ನಿನ ಪಾಲ್ ವಿಲ್ಸನ್, ನೈಜೆಲ್ ಫೋರ್‌ಮನ್ ಮತ್ತು ಮೈಕೆಲ್ ಟ್ಲೌಕಾ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೈಹಿಕ ನ್ಯೂನತೆಯುಳ್ಳ ಮಕ್ಕಳು ನಿಜ ಕಟ್ಟಡವೊಂದರ ಕಂಪ್ಯೂಟರ್ ಪ್ರತಿರೂಪದಲ್ಲಿ ತಾವೇ ಸಂಚರಿಸಿದರು. ಬಳಿಕ ನಿಜ ಕಟ್ಟಡದಲ್ಲಿ, ನಿಂತ ಜಾಗದಿಂದ ಕಾಣದಿರುವ ವಸ್ತುಗಳು ಯಾವ ದಿಕ್ಕಿನಲ್ಲಿವೆ ಎಂದು ಕೇಳಿದಾಗ, ಊಹೆಯಿಂದ ಉತ್ತರಿಸಿದವರಿಗಿಂತ ಹೆಚ್ಚು ನಿಖರವಾಗಿ ತೋರಿಸಿದರು.

ಮಿತಿಗಳೂ ಉಂಟು

ಇಷ್ಟಾದರೂ ಮಿಥ್ಯಾ ಪರಿಸರವು ನಿಜ ಸ್ಥಳಕ್ಕೆ ಸಾಟಿಯಲ್ಲ. ಇದರ ಪ್ರಧಾನ ಕಾರಣ ದೇಹ. ನಿಜವಾಗಿ ನಡೆಯುವಾಗ ಕಾಲಿನ ಸ್ನಾಯುಗಳೂ ಒಳಗಿವಿಯ ಸಮತೋಲನ ಅಂಗವೂ ಎಷ್ಟು ನಡೆದೆವು, ಎಷ್ಟು ತಿರುಗಿದೆವು ಎಂಬ ವರದಿಯನ್ನು ಮಿದುಳಿಗೆ ಸದಾ ಕಳಿಸುತ್ತಿರುತ್ತವೆ. ಕುರ್ಚಿಯಲ್ಲಿ ಕುಳಿತು ಮೌಸ್ ಆಡಿಸುವಾಗ ಆ ವರದಿ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಸಂಶೋಧಕರು 1998ರಲ್ಲಿ ನಡೆಸಿದ ಹೋಲಿಕೆಯಲ್ಲಿ, ಹೆಡ್‌ಸೆಟ್ ಧರಿಸಿ ನಿಜವಾಗಿ ನಡೆದವರು ಜಾಯ್‌ಸ್ಟಿಕ್ ಬಳಸಿದವರಿಗಿಂತ ದಿಕ್ಕುಗಳನ್ನು ಚೆನ್ನಾಗಿ ನೆನಪಿಟ್ಟಿದ್ದರು.

ಮಿದುಳಿನ ಮಟ್ಟದಲ್ಲೂ ಈ ವ್ಯತ್ಯಾಸ ದಾಖಲಾಗಿದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಯಾಂಕ್ ಮೆಹ್ತಾ ಅವರ ತಂಡ 2013ರಲ್ಲಿ ಇಲಿಗಳನ್ನು ಮಿಥ್ಯಾ ಪರಿಸರದಲ್ಲಿ ಓಡಿಸಿ ನೋಡಿದಾಗ, ನಿಜ ಹಾದಿಯಲ್ಲಿ ಓಡುವಾಗ ಚುರುಕಾಗುವುದಕ್ಕಿಂತ ಕಡಿಮೆ ಸ್ಥಳಕೋಶಗಳು ಚುರುಕಾದವು.

ಇನ್ನೂ ಕೆಲವು ತೊಡಕುಗಳಿವೆ. ಹೆಡ್‌ಸೆಟ್‌ನಲ್ಲಿ ನೋಡುವವರು ದೂರವನ್ನು ಇರುವುದಕ್ಕಿಂತ ಕಡಿಮೆ ಎಂದು ಅಂದಾಜಿಸುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಪರದೆಯ ಅಂಚು ಸುತ್ತಲಿನ ನೋಟವನ್ನು ಕತ್ತರಿಸುತ್ತದೆ. ಕೆಲವರಿಗೆ ತಲೆಸುತ್ತು, ವಾಕರಿಕೆ ಉಂಟಾಗುತ್ತದೆ. ಪ್ರತಿರೂಪ ಸಿದ್ಧವಾದ ಮೇಲೆ ನಿಜ ಕಟ್ಟಡದಲ್ಲಿ ಗೋಡೆ ಒಡೆದಿದ್ದರೆ ಅಥವಾ ಬಾಗಿಲು ಮುಚ್ಚಿದ್ದರೆ ಕಲಿತ ಪಾಠವೇ ಮುಳುವಾಗಬಹುದು.

ಬೆಂಗಳೂರಿನ ಬೀದಿಗಳು

ಸಾಮಾನ್ಯ ಜನರ ಕೈಗೆ ಸುಲಭವಾಗಿ ಎಟುಕುವ ಇಂಥ ಸಾಧನವೆಂದರೆ ಗೂಗಲ್ ಸ್ಟ್ರೀಟ್ ವ್ಯೂ. ಆಸ್ಪೆನ್ ಕಲ್ಪನೆಯ ವಿಸ್ತೃತ ರೂಪವೆನ್ನಬಹುದಾದ ಈ ಸೇವೆ 2007ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಭಾರತದಲ್ಲಿ ಇದರ ಮೊದಲ ಯತ್ನ ನಡೆದದ್ದು ಬೆಂಗಳೂರಿನಲ್ಲಿ. 2011ರಲ್ಲಿ ಕ್ಯಾಮೆರಾ ಹೊತ್ತ ವಾಹನಗಳು ನಗರದ ಬೀದಿಗಿಳಿದವು; ಭದ್ರತೆಯ ಆತಂಕದಿಂದ ಪೊಲೀಸರು ಕೆಲವೇ ವಾರಗಳಲ್ಲಿ ಅದನ್ನು ತಡೆದರು. ಕೇಂದ್ರ ಸರ್ಕಾರ 2021ರಲ್ಲಿ ಭೂಮಾಹಿತಿಯ ನಿಯಮಗಳನ್ನು ಸಡಿಲಿಸಿ, ಬೀದಿಚಿತ್ರಣಕ್ಕೆ ಭಾರತೀಯ ಸಂಸ್ಥೆಗಳಿಗೆ ಅವಕಾಶ ನೀಡಿತು. ಆ ಬಳಿಕ 2022ರ ಜುಲೈಯಲ್ಲಿ ಜೆನೆಸಿಸ್ ಇಂಟರ್‌ನ್ಯಾಷನಲ್ ಮತ್ತು ಟೆಕ್ ಮಹೀಂದ್ರ ಸಂಸ್ಥೆಗಳ ಸಹಯೋಗದಲ್ಲಿ ಬೆಂಗಳೂರೂ ಸೇರಿದಂತೆ ದೇಶದ 10 ನಗರಗಳಲ್ಲಿ ಸೇವೆ ಲಭ್ಯವಾಯಿತು.

ಪರೀಕ್ಷೆಗೋ ಸಂದರ್ಶನಕ್ಕೋ ಆಸ್ಪತ್ರೆಗೋ ಮೊದಲ ಬಾರಿ ರಾಜಧಾನಿಗೆ ಬರುವವರು ಬಸ್ ನಿಲ್ದಾಣದಿಂದ ತಲುಪಬೇಕಾದ ಬಾಗಿಲಿನವರೆಗಿನ ಹಾದಿಯನ್ನು ಹಿಂದಿನ ದಿನವೇ ಇದರಲ್ಲಿ ನೋಡಿಕೊಳ್ಳಬಹುದು. ಆದರೆ ಬೀದಿಚಿತ್ರವು ರಸ್ತೆಗೆ ಸೀಮಿತ. ಎರಡು ಮಾರ್ಗಗಳು ಬೇರೆ ಬೇರೆ ಅಂತಸ್ತಿನಲ್ಲಿ ಸಂಧಿಸುವ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಂಥ ನೆಲದಡಿಯ ರಚನೆಗಳಲ್ಲಿ, ದೊಡ್ಡ ಆಸ್ಪತ್ರೆಗಳ ಒಳ ಓಣಿಗಳಲ್ಲಿ ದಿಕ್ಕು ತಪ್ಪುವ ಸಂಭವವೇ ಹೆಚ್ಚು. ಅಂಧರಿಗೂ ವೃದ್ಧರಿಗೂ ಒಳಾಂಗಣದ ಪ್ರತಿರೂಪ ಅಗತ್ಯವಾಗುವುದು ಇಂಥ ಕಡೆಗಳಲ್ಲೇ.

ಮಾರ್ಗಸೂಚಿಗೂ ಕಲಿಕೆಗೂ ವ್ಯತ್ಯಾಸ

ಮೊಬೈಲ್ ಫೋನಿನ ಮಾರ್ಗಸೂಚಿ ಇರುವಾಗ ದಾರಿಯನ್ನು ಕಲಿಯುವ ಶ್ರಮ ಏತಕ್ಕೆ ಎಂಬ ಪ್ರಶ್ನೆ ಸಹಜ. ಜಪಾನಿನ ತೋರು ಇಷಿಕಾವಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಪಿಎಸ್ ಹಿಡಿದು ನಡೆದವರು, ಒಮ್ಮೆ ನೇರವಾಗಿ ದಾರಿ ಕಂಡು ನಡೆದವರಿಗಿಂತ ಹೆಚ್ಚು ದೂರ ನಡೆದರು, ಹೆಚ್ಚು ಬಾರಿ ನಿಂತರು. ಬಳಿಕ ಅವರು ಬರೆದ ನಕ್ಷೆಯೂ ಅಷ್ಟು ಸರಿಯಾಗಿರಲಿಲ್ಲ. ಯಂತ್ರ ಹೇಳಿದಂತೆ ತಿರುಗುವವರು ಗುರಿ ತಲುಪುತ್ತಾರೆ, ಸ್ಥಳವನ್ನು ಕಲಿಯುವುದಿಲ್ಲ. ಬ್ಯಾಟರಿ ಮುಗಿದಾಗ ಅಥವಾ ನೆಲಮಾಳಿಗೆಯಲ್ಲಿ ಸಂಕೇತ ಸಿಗದಾಗ ಅವರು ಮತ್ತೆ ಹೊಸಬರೇ. ಮಿಥ್ಯಾ ಪರಿಸರದಲ್ಲೂ ಯಾರೋ ನಡೆಸಿದಂತೆ ನಡೆದರೆ ಫಲ ಹೀಗೆಯೇ ಆದೀತು.

ಉಪಯೋಗಿಸುವ ಕ್ರಮ

ಈವರೆಗಿನ ಅಧ್ಯಯನಗಳ ಆಧಾರದಲ್ಲಿ ಕೆಲವು ಸೂತ್ರಗಳನ್ನು ಹೇಳಬಹುದು.

ಮೊದಲಿಗೆ ಸ್ಥಳದ ಒಟ್ಟು ನಕ್ಷೆಯನ್ನೊಮ್ಮೆ ನೋಡಿ, ದಿಕ್ಕುಗಳನ್ನು ಗುರುತಿಸಿಕೊಳ್ಳುವುದು ಒಳಿತು. ನಕ್ಷೆ ಮತ್ತು ಮಿಥ್ಯಾ ಪರಿಸರ ಒಂದಕ್ಕೊಂದು ಪೂರಕ.

ಒಂದೇ ದಾರಿಯನ್ನು ಉರುಹೊಡೆಯುವ ಬದಲು ಗುರಿಯನ್ನು ಇಟ್ಟುಕೊಂಡು ತಾನೇ ಹುಡುಕಬೇಕು. ಹೋದ ದಾರಿಯಲ್ಲಿ ಹಿಂದಿರುಗಿಯೂ ನೋಡಬೇಕು. ಹಿಮ್ಮುಖವಾಗಿ ಬರುವಾಗ ಅದೇ ದಾರಿ ಬೇರೆಯದಾಗಿ ಕಾಣುತ್ತದೆ.

ದಾರಿಯೊಂದು ಮುಚ್ಚಿದೆ ಎಂದು ಕಲ್ಪಿಸಿಕೊಂಡು ಇನ್ನೊಂದನ್ನು ಹುಡುಕುವುದು ಉತ್ತಮ ಅಭ್ಯಾಸ. ನಡುನಡುವೆ ನಿಂತು, ಹೊರಬಾಗಿಲು ಯಾವ ದಿಕ್ಕಿನಲ್ಲಿದೆ ಎಂದು ಕೈತೋರಿಸಿ ಪರೀಕ್ಷಿಸಿಕೊಳ್ಳಬೇಕು.

ಅಂಗಡಿಯ ಫಲಕ, ನಿಲ್ಲಿಸಿದ ವಾಹನಗಳಂಥ ಬದಲಾಗುವ ಗುರುತುಗಳನ್ನು ನಂಬದೆ, ಮರ, ಮೆಟ್ಟಿಲು, ಸೇತುವೆ, ಗುಡಿಯಂಥ ಸ್ಥಿರ ಗುರುತುಗಳನ್ನು ಆರಿಸಿಕೊಳ್ಳಬೇಕು. ಚಿತ್ರ ತೆಗೆದ ತಿಂಗಳು ಹಾಗೂ ವರ್ಷವನ್ನು ಗಮನಿಸಬೇಕು.

ಸಾಧ್ಯವಾದಲ್ಲಿ ಒಮ್ಮೆಯಾದರೂ ನಿಜ ಸ್ಥಳದಲ್ಲಿ ನಡೆಯಬೇಕು. ಮಿಥ್ಯಾ ಪರಿಸರದಲ್ಲಿ ಕಲಿತವರಿಗೆ ಈ ಮೊದಲ ನಡಿಗೆಯೇ ಪುನರಾವರ್ತನೆಯ ಪಾಠವಾಗುತ್ತದೆ.

ಕಟ್ಟಡ ಕಟ್ಟುವವರಿಗೂ ಹೊಣೆಯಿದೆ

ಇಂದು ದೊಡ್ಡ ಕಟ್ಟಡಗಳ ವಿನ್ಯಾಸವೆಲ್ಲ ಕಂಪ್ಯೂಟರಿನಲ್ಲೇ ಸಿದ್ಧವಾಗುತ್ತದೆ. ಅಂದರೆ ಮಿಥ್ಯಾ ಪರಿಸರಕ್ಕೆ ಬೇಕಾದ ಅಳತೆಗಳು ಕಟ್ಟಡಕ್ಕೂ ಮೊದಲೇ ಹುಟ್ಟಿರುತ್ತವೆ. ಕಟ್ಟಡ ಪೂರ್ಣಗೊಂಡ ಮೇಲೆ ಅವು ಕಡತ ಸೇರುವ ಬದಲು, ಸ್ಥಳೀಯ ಅಗ್ನಿಶಾಮಕ ಠಾಣೆಗೂ ಅಂಧರ ಶಾಲೆಗಳಿಗೂ ಬಳಸಲು ಯೋಗ್ಯವಾದ ರೂಪದಲ್ಲಿ ದೊರೆತರೆ ಹೆಚ್ಚಿನ ವೆಚ್ಚವಿಲ್ಲದೆ ಬಹುದೊಡ್ಡ ಉಪಕಾರವಾಗುತ್ತದೆ. ಭದ್ರತೆಯ ದೃಷ್ಟಿಯಿಂದ ಯಾರಿಗೆ ಎಷ್ಟು ವಿವರ ನೀಡಬೇಕು ಎಂಬುದನ್ನು ನಿಯಮಗಳ ಮೂಲಕ ನಿರ್ಧರಿಸಿಕೊಳ್ಳಬಹುದು. ಆಸ್ಪತ್ರೆ, ಕಾಲೇಜು, ರೈಲು ನಿಲ್ದಾಣಗಳಂಥ ಸಾರ್ವಜನಿಕ ಕಟ್ಟಡಗಳಿಂದ ಇದು ಆರಂಭವಾಗುವುದು ಸೂಕ್ತ. ಅಲ್ಲಿಗೆ ಪ್ರತಿದಿನವೂ ಯಾರೋ ಒಬ್ಬರು ಮೊದಲ ಬಾರಿಗೆ ಬರುತ್ತಿರುತ್ತಾರೆ.